ಸ್ಪಷ್ಟನೆ: ಆ ಕುದುರೆ ಸವಾರ ಎಐ ಚಿತ್ರವಲ್ಲ

ಹುಬ್ಬಳ್ಳಿ-ಧಾರವಾಡದ ಚಿತ್ರಕಲಾ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೊಂಬಿನ ಶಿರಸ್ತ್ರಾಣ ತೊಟ್ಟ ಕುದುರೆ ಸವಾರನ ಚಿತ್ರವೊಂದು ‘ಎಐ ಬಿಡಿಸಿದ್ದು’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಇದು ತಪ್ಪು. ಅದು ಅಮೆರಿಕದ ಚಿತ್ರಕಲಾವಿದ ಫ್ರಾಂಕ್ ಫ್ರಜೆಟ್ಟಾ 1973ರಲ್ಲಿ ತೈಲವರ್ಣದಲ್ಲಿ ಬಿಡಿಸಿದ ‘ಡೆತ್ ಡೀಲರ್’.

ಇಂದಿನ ಗೇಮ್‌ಗಳಲ್ಲಿ, ಎಐ ಚಿತ್ರಗಳಲ್ಲಿ ಇಂಥ ಯೋಧರು ತುಂಬಿರುವುದರಿಂದ ಅನುಮಾನ ಬಂದಿರಬಹುದು. ಆದರೆ ಆ ಅಚ್ಚನ್ನು ಗಟ್ಟಿ ಮಾಡಿದವರಲ್ಲಿ ಫ್ರಜೆಟ್ಟಾ ಮೊದಲಿಗರು. ಕೋನನ್ ಎಂಬ ಕಾಲ್ಪನಿಕ ಯೋಧನ ಕಥೆಪುಸ್ತಕಗಳಿಗೆ 1966ರಿಂದ ಅವರು ಬಿಡಿಸಿದ ಮುಖಪುಟಗಳನ್ನು ನೋಡಿಯೇ ಒಂದು ತಲೆಮಾರಿನ ಕಲಾವಿದರು ಈ ದಾರಿ ಹಿಡಿದರು.

ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಸವಾರನಿಗೆ ಮುಖವೇ ಇಲ್ಲ. ಶಿರಸ್ತ್ರಾಣದ ಕತ್ತಲೆಯಲ್ಲಿ ಎರಡು ಕೆಂಪು ಕಣ್ಣು ಮಾತ್ರ. ಕೊಡಲಿಯ ಮೇಲೆ ರಕ್ತ. ಹಿನ್ನೆಲೆಯನ್ನು ಹೊಗೆಯಂತೆ ಮಸುಕಾಗಿಯೇ ಬಿಟ್ಟಿದ್ದಾರೆ, ಹಾಗಾಗಿ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ಎಲ್ಲಿ ಬಿಡಿಸಬಾರದೆಂಬ ಈ ತಿಳಿವಳಿಕೆಯೇ ನನಗೆ ಅವರ ದೊಡ್ಡ ಶಕ್ತಿ ಅನಿಸುತ್ತದೆ. ಮುಂದೆ ಪಾರ್ಶ್ವವಾಯುವಿನಿಂದ ಬಲಗೈ ಸೋತಾಗ ಅವರು ಎಡಗೈಯಲ್ಲಿ ಬಿಡಿಸುವುದನ್ನು ಕಲಿತರು. 2010ರಲ್ಲಿ ತೀರಿಕೊಂಡರು.

ಚಿತ್ರ ಹಂಚಿಕೊಂಡವರು ದಯವಿಟ್ಟು ಹಳೆಯ ಒಕ್ಕಣೆ ಅಳಿಸಿ, ಕಲಾವಿದರ ಹೆಸರು ಮತ್ತು ಇಸವಿ ಸೇರಿಸಿ.