ಯಾವಾಗಿನಿಂದ ಕೇಳ್ತಿದ್ದೀರಿ?

ಹೋದ ಚಳಿಗಾಲದಲ್ಲಿ ದೆಹಲಿಯ ಒಂದು ಪಾರ್ಕಿನಲ್ಲಿ ಇಂಡಿಯನ್ ಓಷನ್ ಕಾರ್ಯಕ್ರಮ ಇತ್ತು, ದೆಹಲಿಯದೇ ರಾಕ್ ಬ್ಯಾಂಡು. ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಕಲಬುರಗಿ ಬಿಸಿಲಲ್ಲಿ ಬೆಳೆದ ಮೈಗೆ ಇಲ್ಲಿನ ಚಳಿ ಎಷ್ಟು ವರ್ಷವಾದರೂ ಒಗ್ಗುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಬಿಳಿ ಗಡ್ಡದವರು ಶೇಂಗಾ ಪೊಟ್ಟಣ ನನ್ನ ಮುಂದೆ ಹಿಡಿದು, “ಯಾವಾಗಿನಿಂದ ಕೇಳ್ತಿದ್ದೀರಿ ಇವರನ್ನ?” ಎಂದರು. 2004 ಎಂದೆ. “ಓ, ಕಂದೀಸಾ ಆಲ್ಬಮ್ ಬಂದ ಮೇಲೆ” ಎಂದು ಪೊಟ್ಟಣ ಹಿಂದಕ್ಕೆ ತೆಗೆದುಕೊಂಡರು. ಬೇಕಂತಲೇ ತೆಗೆದುಕೊಂಡರೋ, ಅವರಿಗೇ ಹಸಿವಾಗಿತ್ತೋ ಗೊತ್ತಿಲ್ಲ. ನನಗಂತೂ ಚುಚ್ಚಿತು.

ಆಮೇಲೆ ಶುರುವಾಯಿತು ಪಂಚಾಯ್ತಿ. ಹಿಂದಿನ ಸಾಲಿನ ಇಬ್ಬರು ಸೇರಿಕೊಂಡರು. ಒಬ್ಬರಿಗೆ 1993ರ ಮೊದಲ ಆಲ್ಬಮ್ಮೇ ಅಸಲಿ. ಇನ್ನೊಬ್ಬರಿಗೆ 1997ರ ಡೆಸರ್ಟ್ ರೇನ್. ಅದು ಲೈವ್ ರೆಕಾರ್ಡಿಂಗು, ಆ ಬಿಸಿ ಆಮೇಲೆ ಬರಲೇ ಇಲ್ಲವಂತೆ. ಗಡ್ಡದವರ ಲೆಕ್ಕದಲ್ಲಿ ಬ್ಯಾಂಡು ಮುಗಿದದ್ದು 2009ರ ಡಿಸೆಂಬರಿನಲ್ಲಿ, ಹಾಡುಗಾರ ಅಶೀಮ್ ಚಕ್ರವರ್ತಿ ತೀರಿಕೊಂಡಾಗ. ಉಳಿದದ್ದು ಏನಾದರೂ ಇದ್ದರೆ ಅದೂ 2013ರಲ್ಲಿ ಗಿಟಾರ್ ನುಡಿಸುತ್ತಿದ್ದ ಸುಸ್ಮಿತ್ ಸೇನ್ ಬಿಟ್ಟುಹೋದಾಗ ಹೋಯಿತು. ಎದುರಿಗೆ ರಾಹುಲ್ ರಾಮ್ ಬಾಸ್ ಗಿಟಾರ್ ಹಿಡಿದು ಕುಣಿಯುತ್ತಾ ಹಾಡುತ್ತಿದ್ದಾರೆ, ಇವರು ಇಲ್ಲಿ ಕೂತು ಬ್ಯಾಂಡಿನ ತಿಥಿ ಮಾಡುತ್ತಿದ್ದಾರೆ!

ನಮಗೆ ಈ ಬ್ಯಾಂಡು ಆಲ್ಬಮ್ ಲೆಕ್ಕದಲ್ಲಿ ಬಂದದ್ದೇ ಅಲ್ಲ. ಗುಲ್ಬರ್ಗದಲ್ಲಿ ಓದುವಾಗ ಗೆಳೆಯನ ಅಣ್ಣ ಬೆಂಗಳೂರಿಂದ ಒಂದು ಎಂಪಿ3 ಸಿಡಿ ತಂದಿದ್ದರು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಮಿಕ್ಸ್’ ಎಂದಷ್ಟೇ ಬರೆದಿತ್ತು. ಒಳಗೆ ಟ್ರ್ಯಾಕ್ 01, ಟ್ರ್ಯಾಕ್ 02, ಹೀಗೇ. ಯಾವುದು 1993ರದು, ಯಾವುದು 2000ದ್ದು, ಯಾರಿಗೆ ಗೊತ್ತು? ನಮ್ಮ ಪಾಲಿಗೆ ಎಲ್ಲ ಹಾಡೂ ಒಂದೇ ಸಂಜೆ, ಸೂಪರ್ ಮಾರ್ಕೆಟ್ ಹತ್ತಿರದ ರೂಮಿನಲ್ಲಿ, ಹೋದ ಕರೆಂಟ್ ವಾಪಸ್ ಬಂದ ಮೇಲೆ ಹುಟ್ಟಿದವು.

ಹೆಸರು ನಾವೇ ಇಟ್ಟೆವು. ಮಾ ರೇವಾ ನಮಗೆ ‘ಹೊಳಿ ಹಾಡು’. ಆ ಹೊಳೆ ನರ್ಮದೆ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಹೊಳೆ ಎಂಬುದು ಮಾತ್ರ ಕೇಳಿದ ಕೂಡಲೇ ಗೊತ್ತಾಗಿತ್ತು. ಕಂದೀಸಾ ಹಾಡು ಕೇಳಿ ಗೆಳೆಯ ವಾರಗಟ್ಟಲೆ ವಾದ ಮಾಡಿದ: “ಕಂದಾ, ಈಶಾ ಅನ್ನಲತ್ತಾರಲೇ. ಕನ್ನಡನೇ ಅದ ಇದು.” ಅದು ಅರಮಾಯಿಕ್ ಭಾಷೆಯದು, ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ, ಆ ಮಾತಿಗೆ ‘ಪವಿತ್ರ’ ಎಂದರ್ಥ ಎಂದು ಯಾರೋ ತಿಳಿಸಿದರು. ಅವನು ಆಗಲೂ ಸೋಲಲಿಲ್ಲ. “ಮತ್ತ ನಾ ಏನ್ ಹೇಳ್ದೆ? ದೇವರ ಹಾಡೇ ಅಲ್ಲೇನು?”

ಕೆಕೆ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಬಂದ ಮೇಲೆ ಒಂದೊಂದೇ ಆಲ್ಬಮ್ ಹುಡುಕಿ ಕೇಳಿದೆ. ಡೆಸರ್ಟ್ ರೇನ್ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ನನಗೆ 1997ರದ್ದೇ ಹೊಸ ಆಲ್ಬಮ್. ಇದನ್ನು ಗಡ್ಡದವರಿಗೆ ಹೇಳಿದರೆ ಪಾಪ ಎಂಬಂತೆ ನೋಡಿದರು. ಮೊದಲು, ಆಮೇಲೆ ಅನ್ನೋದೆಲ್ಲ ಬ್ಯಾಂಡಿನ ಊರಲ್ಲೇ ಇದ್ದವರಿಗೆ. ತಡವಾಗಿ ತಲುಪಿದವರ ಲೆಕ್ಕವೇ ಬೇರೆ ಅಲ್ವಾ?

ಇನ್ನೊಂದು ವಿಷಯ. ಅಮಿತ್ ಕಿಲಮ್ ಡ್ರಮ್ಸ್ ಬಿಟ್ಟು ಗಬ್ಗುಬಿ ಎತ್ತಿಕೊಂಡರು. ಕಂಕುಳಲ್ಲಿ ಪುಟ್ಟ ಡೋಲಿನಂಥದು, ಕೈಯಲ್ಲಿ ಎಳೆದು ಹಿಡಿದ ತಂತಿ, ಮೀಟಿದರೆ ಗುಂಯ್ ಎಂದು ಏರಿ ಇಳಿಯುವ ದನಿ. ಬಂಗಾಳದ ಬಾವುಲರ ವಾದ್ಯ ಎಂದು ಹಿಂದಿನ ಸಾಲಿನವರು ಪಾಠ ಹೇಳಿದರು. ಇರಬಹುದು. ಎಲ್ಲಮ್ಮನ ಹಾಡು ಕೇಳುತ್ತಾ ಬೆಳೆದ ನನಗೆ ಅದು ಚೌಡಿಕೆ. ತಂತಿ ಎಳೆದಾಗಲೆಲ್ಲ ನಮ್ಮ ಓಣಿಗೆ ಜೋಗಮ್ಮ ಬಂದಂತಾಗುತ್ತದೆ.

ನಮ್ಮ ಕಾಕಾ ಜೇವರ್ಗಿ ಕಡೆಯ ಹಳ್ಳಿಯಲ್ಲಿ ಭಜನಿ ಮೇಳದವರು. ಅಮವಾಸ್ಯೆ ರಾತ್ರಿ ಕಡಕೋಳ ಮಡಿವಾಳಪ್ಪನ ಪದ ಹಿಡಿದರೆ ಬೆಳಗಾಗಬೇಕು. ಇದು ಮಡಿವಾಳಪ್ಪ ಮೊದಲು ಕಟ್ಟಿದ ಪದವೋ, ವಯಸ್ಸಾದ ಮೇಲೆ ಕಟ್ಟಿದ್ದೋ ಎಂದು ಅಲ್ಲಿ ಯಾರೂ ಕೇಳಿದ್ದು ನಾನು ಕಂಡಿಲ್ಲ. ಮೇಳದ ಮುಂದಾಳು ತೀರಿಕೊಂಡ ವರ್ಷ ಅವರ ದಮ್ಮಡಿ ಒಬ್ಬ ಟೇಲರ್ ಹುಡುಗನ ಕೈಗೆ ಬಂತು. ಹುಡುಗ ಹೆದರಿ ಹೆದರಿ ಬೆರಳು ಆಡಿಸುತ್ತಿದ್ದ. ಎರಡು ಸಲ ತಾಳ ತಪ್ಪಿತು. ಕಾಕಾ ತಾಳ ನಿಲ್ಲಿಸಿ, “ಜೋರಾಗಿ ಹೊಡಿ ತಮ್ಮಾ, ಹರಿದ್ರ ಹೊಸಾದು ತಂದ್ರಾಯ್ತು” ಎಂದರು. ಮೇಳ ನಡೆಯಿತು.

ಅಶೀಮ್ ತಬಲಾ ಬಾರಿಸುತ್ತಲೇ ಹಾಡುತ್ತಿದ್ದರು. ಅವರೊಬ್ಬರ ಜಾಗಕ್ಕೆ ಇಬ್ಬರು ಬೇಕಾದರು. ತಬಲಾಕ್ಕೆ ತುಹೀನ್ ಚಕ್ರವರ್ತಿ, ಹಾಡಿಗೆ ಹಿಮಾಂಶು ಜೋಶಿ. ದೆಹಲಿಯವರು ಇದನ್ನು ಕೊರತೆ ಅನ್ನುತ್ತಾರೆ. ನಮ್ಮ ಕಾಕಾನಂಥವರು ಮೇಳ ದೊಡ್ಡದಾಯ್ತು ಅನ್ನುತ್ತಾರೆ. 2010ರಲ್ಲಿ 16/330 ಖಜೂರ್ ರೋಡ್ ಆಲ್ಬಮ್ಮನ್ನು ತಿಂಗಳಿಗೊಂದು ಹಾಡಿನಂತೆ ಪುಕ್ಕಟೆ ಬಿಟ್ಟರಲ್ಲ, ಅದರಲ್ಲಿ ಅಶೀಮ್ ದನಿಯೇ ಇದೆ. ಆಲ್ಬಮ್ಮಿನ ಹೆಸರು ಕರೋಲ್ ಬಾಗಿನಲ್ಲಿ ಅವರು ಅಭ್ಯಾಸ ಮಾಡುತ್ತಿದ್ದ ಹಳೇ ಬಂಗಲೆಯ ವಿಳಾಸ. “ಹಾಗಾದರೆ ಅದು ಮೊದಲಿನದೋ, ಆಮೇಲಿನದೋ?” ಎಂದು ಕೇಳಿದೆ. “ಅದು ಬೇರೆ” ಎಂದರು ಗಡ್ಡದವರು. ಅದೇನು ಬೇರೆಯೋ!

2014ರಲ್ಲಿ ತಂದಾನು ಆಲ್ಬಮ್ ಬಂತು. ಅದೇ ವರ್ಷ ನಮ್ಮ ಗುಲ್ಬರ್ಗವೂ ಕಲಬುರಗಿ ಆಯಿತು. ಹಳೇ ಹೆಸರಿನಲ್ಲೇ ರೊಟ್ಟಿ ರುಚಿ ಜಾಸ್ತಿ ಇತ್ತು ಎಂದು ಯಾರಾದರೂ ಅಂದಾರೆಯೇ?

ಅಂದಾರು. ಸುಳ್ಳು ಯಾಕೆ ಹೇಳಲಿ. ಆ ಟೇಲರ್ ಹುಡುಗನ ಭಜನೆ ಕೇಳಿ ಬಂದ ಮರುದಿನ ನಮ್ಮವ್ವ ರೊಟ್ಟಿ ಬಡಿಯುತ್ತಾ, “ಆ ಹಿರ‍್ಯಾರ ದನಿ ಎಲ್ಲಿ, ಇವಂದೆಲ್ಲಿ” ಎಂದಿದ್ದಳು. ಮೇಳದ ಮುಂದೆ ಅನ್ನಲಿಲ್ಲ, ಒಲೆ ಮುಂದೆ ಅಂದಳು, ಅಷ್ಟೇ ವ್ಯತ್ಯಾಸ.

ಮತ್ತೆ ಆ ಗಡ್ಡದವರು. ಬ್ಯಾಂಡಿನ ತಿಥಿ ಮಾಡಿದರು ಅಂದೆನಲ್ಲ, ಬೈದದ್ದು ಹಾಡು ಕೇಳದೆ ಅಲ್ಲ. ತಂದಾನು ಪೂರ್ತಿ ಕೇಳಿದ್ದಾರೆ. 2023ರ ತೂ ಹೈ ಕೂಡ ಕೇಳಿದ್ದಾರೆ. ನಿಖಿಲ್ ರಾವ್ ಗಿಟಾರ್ ಸುಸ್ಮಿತ್ ದಾರಿ ಬಿಟ್ಟು ಎಲ್ಲಿ ತಿರುಗುತ್ತದೆ ಎಂದು ಕೈಯಲ್ಲಿ ಗಾಳಿಯಲ್ಲೇ ಬರೆದು ತೋರಿಸಿದರು. ಪ್ರತಿ ವರ್ಷ ಬರುತ್ತಾರಂತೆ, ಪ್ರತಿ ವರ್ಷ ಬೈಯುತ್ತಾರಂತೆ. ನಮ್ಮ ಗುಲ್ಬರ್ಗ ಗ್ಯಾಂಗ್ ಯಾರನ್ನೂ ಬೈಯುವುದಿಲ್ಲ ನಿಜ. ಆದರೆ ಆ ‘ಮಿಕ್ಸ್’ ಸಿಡಿ ಆದ ಮೇಲೆ ಅವರು ಬೇರೆ ಏನನ್ನೂ ಕೇಳಿಯೇ ಇಲ್ಲ. ನಾನೂ ಸುಮ್ನೆ ಅವರ ಪರ ವಕಾಲತ್ತು ಮಾಡುತ್ತಿದ್ದೇನೆ.

ಆ ರಾತ್ರಿ ಮೆಟ್ರೋದಲ್ಲಿ ಬರುವಾಗ ತೂ ಹೈ ಆಲ್ಬಮ್ಮಿನ ಒಂದು ಹಾಡಿನ ಲಿಂಕನ್ನು ‘ಕಂದಾ ಈಶಾ’ ಗೆಳೆಯನಿಗೆ ಕಳಿಸಿದೆ. ಯಾರ ಹಾಡು ಅಂತ ಬರೆಯಲಿಲ್ಲ. ಮೂರು ದಿನ ಅವನು ನೋಡಲೇ ಇಲ್ಲ. ನಾಲ್ಕನೇ ದಿನ ಫೋನ್ ಬಂತು. ಹಿಂದುಗಡೆ ಆಟೋ ಹಾರ್ನ್, ಚಹಾದಂಗಡಿ ಗದ್ದಲ.

“ಚಲೋ ಅದಲೇ ಹಾಡು. ಯಾರ‍್ದು ಇದು, ಹೊಸಬರೇನು?”

ಏನಂತ ಹೇಳಲಿ? “ಹೂಂ” ಎಂದೆ.