ವಾರವೆಂಬ ಸರದಿ

ಹಾಸನದ ಕಡೆಯ ಮನೆಗಳಲ್ಲಿ ‘ಇವತ್ತು ನಮ್ಮದು ವಾರ’ ಎಂದರೆ, ಆ ದಿನ ಒಲೆಯ ಮೇಲೆ ಮಾಂಸದ ಪಾತ್ರೆ ಏರುವುದಿಲ್ಲವೆಂದು ಬಂದ ನೆಂಟರು ತಾವೇ ಅರ್ಥ ಮಾಡಿಕೊಳ್ಳಬೇಕು. ಮನೆದೇವರು ಶಿವನಾದರೆ ಸೋಮವಾರ, ತಿಮ್ಮಪ್ಪನಾದರೆ ಶನಿವಾರ. ಅಂದು ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟ ಮೇಲೆಯೇ ಉಳಿದ ಕೆಲಸ. ವಾರವೆಂದರೆ ಏಳು ದಿನ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ, ಒಂದೇ ದಿನವನ್ನು ‘ವಾರ’ ಎನ್ನುವ ಈ ಮಾತು ಒರಟಾಗಿ ಕೇಳಿಸಬಹುದು. ನನಗಂತೂ ಪದದ ಹಳೆಯ ಜೀವ ಉಳಿದಿರುವುದು ಇಲ್ಲಿಯೇ ಎನ್ನಿಸುತ್ತದೆ.

ಸಂಸ್ಕೃತದ ‘ವಾರ’ಕ್ಕೆ ಸರದಿ, ಪಾಳಿ ಎಂಬ ಅರ್ಥವಿದೆ. ಹಿಂದಿಯವರ ‘ಬಾರ್ ಬಾರ್’ ಕೂಡ ಇದೇ ಮೂಲದ್ದು. ಸೋಮನ ಸರದಿ ಬಂದ ದಿನ ಸೋಮವಾರ, ಶನಿಯ ಸರದಿ ಬಂದ ದಿನ ಶನಿವಾರ. ಏಳು ಗ್ರಹಗಳ ಸರದಿಯೂ ಮುಗಿದು ಮತ್ತೆ ಮೊದಲನೆಯವನ ಪಾಳಿ ಬರುವಷ್ಟರ ಅವಧಿಗೂ ಅದೇ ಹೆಸರು ಅಂಟಿಕೊಂಡಿತು. ಆದ್ದರಿಂದ ‘ಇವತ್ತು ಯಾವ ವಾರ?’ ಎಂಬ ಪ್ರಶ್ನೆಗೆ ದಿನದ ಹೆಸರನ್ನೂ, ‘ಹೋಗಿ ಎಷ್ಟು ವಾರವಾಯಿತು?’ ಎಂಬ ಪ್ರಶ್ನೆಗೆ ಸಂಖ್ಯೆಯನ್ನೂ ಹೇಳುತ್ತೇವೆ, ಯಾರೂ ತಬ್ಬಿಬ್ಬಾಗುವುದಿಲ್ಲ.

ಸರದಿ ಎಂಬ ಅರ್ಥವನ್ನು ಹೊಟ್ಟೆಯಿಂದಲೇ ಬಲ್ಲವರೆಂದರೆ ವಾರಾನ್ನದ ಹುಡುಗರು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ವಿದ್ಯಾರ್ಥಿ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಂತೆ ಊಟ ಮಾಡುತ್ತಿದ್ದ ಆ ಪದ್ಧತಿಯಲ್ಲಿ, ಪ್ರತಿ ಮನೆಗೂ ಒಂದು ವಾರ, ಪ್ರತಿ ವಾರಕ್ಕೂ ಒಂದು ಸಾರಿನ ರುಚಿ. ಐದೇ ಮನೆ ಸಿಕ್ಕಿದವನಿಗೆ ಉಳಿದೆರಡು ದಿನ ಅವಲಕ್ಕಿಯೋ ಉಪವಾಸವೋ ಗತಿ. ಗುರುವಾರದ ಮನೆಯವರು ಬಾಗಿಲಿಗೆ ಬೀಗ ಹಾಕಿ ಮದುವೆಗೆ ಹೊರಟುಹೋದರೆ, ಅವನ ಪಾಲಿಗೆ ಗುರುಬಲ ತಪ್ಪಿತೆಂದೇ ಲೆಕ್ಕ.

ಗ್ರಹಗಳ ಸರದಿ ಹೀಗೆಯೇ ಏಕೆ, ಸೋಮನ ಬೆನ್ನಿಗೆ ಮಂಗಳನೇ ಏಕೆ ಎಂಬುದಕ್ಕೂ ಒಂದು ಲೆಕ್ಕವಿದೆ. ಆಕಾಶದಲ್ಲಿ ನಿಧಾನವಾಗಿ ಚಲಿಸುವವನಿಂದ ಆರಂಭಿಸಿದರೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮ ಬರುತ್ತದೆ. ದಿನದ 24 ಹೋರೆಗಳಿಗೆ, ಅಂದರೆ ಗಂಟೆಗಳಿಗೆ, ಇದೇ ಕ್ರಮದಲ್ಲಿ ಒಬ್ಬೊಬ್ಬ ಒಡೆಯ. ಸೂರ್ಯೋದಯದ ಹೋರೆಗೆ ಒಡೆಯನಾದವನೇ ಇಡೀ ದಿನಕ್ಕೂ ಒಡೆಯ. ಶನಿಯಿಂದ ಶುರುಮಾಡಿ ಮೂರು ಸುತ್ತು ಮುಗಿಸಿದರೆ 21 ಹೋರೆ ಕಳೆಯುತ್ತವೆ. ಮಿಕ್ಕ ಮೂರು ಶನಿ, ಗುರು, ಕುಜರ ಪಾಲಾಗಿ, ಮರುದಿನದ ಮೊದಲ ಹೋರೆ ರವಿಗೆ ಬೀಳುತ್ತದೆ. ಶನಿವಾರದ ಮರುದಿನ ಭಾನುವಾರವಾದದ್ದು ಹೀಗೆ. ವೇಗದ ಕ್ರಮದಲ್ಲಿ ನಾಲ್ಕನೆಯವನು ಮರುದಿನದ ಒಡೆಯನೆಂದು ಆರ್ಯಭಟ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾನೆ. ‘ಹೋರಾ’ ಗ್ರೀಕರ ಮಾತು ಎಂಬುದನ್ನು ನೋಡಿದರೆ, ನಮ್ಮ ಪಂಚಾಂಗದ ಐದು ಅಂಗಗಳಲ್ಲಿ ಒಂದಾದ ವಾರ ದೂರದಿಂದ ಬಂದ ನೆಂಟನೆಂದು ಗೊತ್ತಾಗುತ್ತದೆ.

ಆರ್ಯಭಟನ ‘ನಾಲ್ಕನೆಯವನು’ ಸರಿಹೋಗಬೇಕಾದರೆ ಶನಿಯನ್ನೂ ಸೇರಿಸಿಕೊಂಡು ಎಣಿಸಬೇಕು. ಅದೇ ಎಣಿಕೆ ನಮ್ಮ ಬಾಯಲ್ಲಿ ಇಂದಿಗೂ ಇದೆ: ಏಳು ದಿನಕ್ಕೆ ‘ಎಂಟು ದಿನ ಬಿಟ್ಟು ಬನ್ನಿ’ ಎನ್ನುತ್ತೇವೆ, ಎರಡು ವಾರವನ್ನು ‘ಹದಿನೈದು ದಿನ’ ಎನ್ನುತ್ತೇವೆ. ಸಾಲ ಕೊಟ್ಟವನೂ ತೆಗೆದುಕೊಂಡವನೂ ಈ ಒಂದು ದಿನದ ವ್ಯತ್ಯಾಸಕ್ಕೆ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಭಾರತದ ಶಾಸನಗಳಲ್ಲಿ ವಾರದ ಹೆಸರು ಕಾಣಿಸಿಕೊಳ್ಳುವುದು ತೀರ ಹಳೆಯ ಕಾಲದಲ್ಲಲ್ಲ. ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಕಾಲದ, ಕ್ರಿ.ಶ. 484ರ ಸ್ತಂಭಶಾಸನದಲ್ಲಿ ‘ಸುರಗುರುವಿನ ದಿವಸ’ ಎಂದಿದೆ, ಅಂದರೆ ಗುರುವಾರ. ನಮ್ಮ ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸುವ ಹೊತ್ತಿಗೆ ವಾರ ಹೇಳದೆ ಶಾಸನ ಬರೆಯುವುದೇ ಅಪೂರ್ಣವೆಂಬಂತಾಗಿತ್ತು: ಶಕ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ.

ದಿನಕ್ಕೆ ಸೂರ್ಯನಿದ್ದಾನೆ, ತಿಂಗಳಿಗೆ ಚಂದ್ರನಿದ್ದಾನೆ; ವಾರಕ್ಕೆ ಆಕಾಶದಲ್ಲಿ ಅಂಥ ಆಸರೆಯಿಲ್ಲ. ಆದರೂ ಅದರ ಸರಪಳಿ ಕಡಿಯುವುದಿಲ್ಲ. 1582ರಲ್ಲಿ ಪೋಪ್ ಗ್ರೆಗೊರಿ ಪಂಚಾಂಗ ತಿದ್ದಿ ಹತ್ತು ತಾರೀಖುಗಳನ್ನು ಹಾರಿಸಿದಾಗಲೂ ಅಕ್ಟೋಬರ್ 4ರ ಗುರುವಾರದ ಮರುದಿನ 15ನೇ ತಾರೀಖಿನ ಶುಕ್ರವಾರವೇ ಆಯಿತು.

ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಂತೂ ವಾರದ ಒಡೆತನ ಗ್ರಹಗಳಿಂದ ಸಂತೆಗೆ ವರ್ಗವಾಗಿದೆ. ಹತ್ತಿರದ ಊರಿನ ಸಂತೆ ಎಂದೋ ಅಂದೇ ಆಳುಗಳಿಗೆ ರಜೆ. ಅದಕ್ಕೆ ಮುಂಚೆ ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿ ಬಟವಾಡೆ ಮಾಡುತ್ತಾರೆ. ಹೀಗೆ ಒಂದು ಹೋಬಳಿಯವರು ಸೊಪ್ಪು, ಒಣಮೀನು ಕೊಳ್ಳುತ್ತ ಬಿಡುವಾಗಿ ಓಡಾಡುವ ದಿನ, ಪಕ್ಕದ ಹೋಬಳಿಯಲ್ಲಿ ಗೊಬ್ಬರ ಹಾಕುವ ಕೆಲಸ ನಡೆದಿರುತ್ತದೆ. ಕೈಯಲ್ಲಿ ದುಡ್ಡು ಸಾಲದಿದ್ದರೆ ‘ಬರೋ ವಾರ ಕೊಡ್ತೀನಿ ಕಣಕ್ಕ’ ಎನ್ನುತ್ತಾರೆ. ತಕ್ಕಡಿ ಹಿಡಿದ ಆಕೆಯೂ ದಿನ ಎಣಿಸುವ ಗೋಜಿಗೆ ಹೋಗದೆ, ಮುಂದಿನ ಸಂತೆಗೆಂದು ಆ ಬಾಕಿಯನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾಳೆ.