ರೂಟರ್ ಕೆಟ್ಟಿಲ್ಲ, ಲೈನಿಗೆ ಬೀಗ ಹಾಕಿದ್ದಾರೆ

ಗೆಳೆಯನ ಮನೆಯಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಹಳೇ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿದರೆ ಇಂಟರ್ನೆಟ್ ಸರಾಗವಾಗಿ ಬರುತ್ತದೆ. ಅದೇ ಕೇಬಲ್ಲನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಿದರೆ ಇಲ್ಲ, ಹೊಸ ರೂಟರಿಗೆ ಹಾಕಿದರೂ ಇಲ್ಲ. ಕಸ್ಟಮರ್ ಕೇರ್‌ನವರ ಉತ್ತರ ಏನು ಗೊತ್ತಾ? "ರೂಟರ್ ಸರಿ ಇಲ್ಲ ಸರ್, ಬೇರೆ ತಗೊಳ್ಳಿ."

ರೂಟರ್ ಚೆನ್ನಾಗೇ ಇದೆ! ಲೈನನ್ನು ಹಳೇ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್‌ಗೆ ಕಟ್ಟಿಹಾಕಿದ್ದಾರೆ ('ಮ್ಯಾಕ್ ಬೈಂಡಿಂಗ್' ಅನ್ನೋದು ಇದಕ್ಕೇ), ಅಷ್ಟೇ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ತಯಾರಾಗುವಾಗಲೇ ಬರುವ, ಅಂಕಿ ಅಕ್ಷರ ಸೇರಿ 12 ಇರುವ ಗುರುತು ಅದು. ಬೇರೆ ಗುರುತು ಕಂಡರೆ ಕಂಪನಿ ಕಡೆಯಿಂದ ಐಪಿ, ಅಂದರೆ ನೆಟ್ ಬಳಸಲು ಬೇಕಾದ ಅಡ್ರೆಸ್, ಸಿಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ 169.254 ಅಂತ ಶುರುವಾಗುವ ಅಡ್ರೆಸ್ ನೋಡಿದಾಗಲೇ ನನಗೆ ಅನುಮಾನ ಬಂತು. ಯಾರೂ ಐಪಿ ಕೊಡದಿದ್ದಾಗ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುವ ಅಡ್ರೆಸ್ ಅದು.

ಹಳೇ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್ /ಆಲ್' (ipconfig /all) ಕೊಟ್ಟು, ಮ್ಯಾಕ್ ಅಡ್ರೆಸ್ಸೇ ಆದ 'ಫಿಸಿಕಲ್ ಅಡ್ರೆಸ್' ಬರೆದುಕೊಂಡೆ. ರೂಟರಿನ ವ್ಯಾನ್ (WAN, ಹೊರಗಿನ ಲೈನಿನ) ಸೆಟ್ಟಿಂಗ್‌ನಲ್ಲಿ 'ಮ್ಯಾಕ್ ಕ್ಲೋನ್' ಅಂತ ಇರುತ್ತದೆ. ಅಲ್ಲಿ ಅದನ್ನೇ ಹಾಕಿದರೆ ಕಂಪನಿಗೆ ರೂಟರೇ ಹಳೇ ಕಂಪ್ಯೂಟರಿನಂತೆ ಕಾಣುತ್ತದೆ. ಹಾಗೆ ಹಾಕಿ ಸೇವ್ ಮಾಡಿ, ಮೋಡೆಮ್ ಆಫ್ ಮಾಡಿ ಆನ್ ಮಾಡಿದೆ. ಮನೆಯ ಎಲ್ಲ ಫೋನುಗಳಿಗೂ ನೆಟ್ ಬಂತು. ಇಷ್ಟು ಸಣ್ಣ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು ಅಲ್ವಾ? ಸುಮ್ನೆ ಹೊಸ ರೂಟರ್ ಕೊಳ್ಳಿ ಅನ್ನೋದು ಯಾವ ನ್ಯಾಯ?

ಎಲ್ಲ ಕಡೆ ಕಾರಣ ಇದೇ ಅಂತಲ್ಲ. ಕೆಲವು ಮೋಡೆಮ್‌ಗಳು ಮೊದಲು ಕಂಡ ಸಾಧನವನ್ನೇ ನೆನಪಿಟ್ಟುಕೊಳ್ಳುತ್ತವೆ. ಅದಕ್ಕೆ ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸಾಕು. ಪಿಪಿಪಿಒಇ (PPPoE, ಲಾಗಿನ್ ಆದರಷ್ಟೇ ನೆಟ್ ಬರುವ) ಲೈನ್ ಆದರೆ ಯೂಸರ್‌ನೇಮ್, ಪಾಸ್‌ವರ್ಡ್ ರೂಟರಿಗೇ ಹಾಕಬೇಕು. ಕಂಪ್ಯೂಟರಿನಲ್ಲಿ ಲಾಗಿನ್ ಮಾಡಿಸುವ ಹಳೇ ಡಯಲರ್ ಓಡುತ್ತಿದ್ದರೆ ನಿಲ್ಲಿಸಿ, ಎಷ್ಟೋ ಕಡೆ ಒಂದೇ ಲಾಗಿನ್‌ಗೆ ಅವಕಾಶ ಇರುತ್ತದೆ.

ಪಕ್ಕದ ಮನೆಯವರಿಗೆ ಹಂಚಬಾರದು ಅಂತ ಈ ಬೀಗ ಎನ್ನುವವರಿದ್ದಾರೆ. ಒಪ್ಪಲಾರೆ. ಪ್ಲಾನಿನಲ್ಲಿ ಸ್ಪೀಡಿಗೆ ಮಿತಿ ಹಾಕಿದ್ದಾರಲ್ಲ, ಎಷ್ಟು ಸಾಧನ ಸೇರಿದರೂ ಅದರೊಳಗೇ ಹಂಚಿಕೊಳ್ಳಬೇಕು. ರೂಟರ್ ಒಂದೇ ಐಪಿಯಲ್ಲಿ ಇಡೀ ಮನೆಯನ್ನು ನಡೆಸುವ 'ನ್ಯಾಟ್' ವ್ಯವಸ್ಥೆ 1994ರಲ್ಲೇ ಬರಹಕ್ಕೆ ಇಳಿದಿದೆ. ಆ ಕಂಪ್ಯೂಟರಿನ ಕಾರ್ಡ್ ಸುಟ್ಟುಹೋದರೆ ಲೈನೂ ಸತ್ತಂತೆಯೇ, ದುಡ್ಡು ಕಟ್ಟಿದವರಿಗೆ ಕಾರಣವೂ ತಿಳಿಯುವುದಿಲ್ಲ. ಬೀಗ ಹಾಕಲೇಬೇಕಿದ್ದರೆ ಕನೆಕ್ಷನ್ ಕೊಡುವಾಗಲೇ ಹೇಳಿ ಹಾಕಲಿ.

ನಿಮ್ಮ ಮನೆಯಲ್ಲೂ ಹೀಗಾದರೆ ರೂಟರ್ ಬದಲಿಸಲು ಹೋಗಬೇಡಿ. ಫೋನ್ ಮಾಡಿ "ಮ್ಯಾಕ್ ಬೈಂಡಿಂಗ್ ತೆಗೀರಿ, ಇಲ್ಲ ರೂಟರಿನ ಮ್ಯಾಕ್ ಸೇರಿಸಿ" ಅಂತ ಇದೇ ಮಾತಲ್ಲಿ ಕೇಳಿ.